ಊದುವ ಯಂತ್ರವನ್ನು ಮೊದಲು ಯಾರ ಮುಂದೆ ಹಿಡಿಯಬೇಕು?

ಚಾಲಕರನ್ನೂ ಯಂತ್ರ ನಡೆಸುವ ಕೆಲಸಗಾರರನ್ನೂ ಕೆಲಸಕ್ಕೆ ಬಿಡುವ ಮುನ್ನ ಮದ್ಯ ಮತ್ತು ಮಾದಕ ವಸ್ತುಗಳ ಪರೀಕ್ಷೆಗೆ ಒಳಪಡಿಸಬೇಕೆ ಎಂಬ ಪ್ರಶ್ನೆ ಠಾಣೆ, ಕಲ್ಯಾಣ, ಡೊಂಬಿವಲಿ ಹಾಗೂ ನವಿ ಮುಂಬೈಗಳಲ್ಲಿ ನೆಲೆಸಿರುವ ನಮ್ಮ ವ್ಯಾಪಾರಸ್ಥರ ನಡುವೆ ಮತ್ತೆ ಮತ್ತೆ ಏಳುತ್ತಿದೆ. ಒಂದೆರಡು ಲಾರಿಗಳನ್ನು ಇಟ್ಟುಕೊಂಡವರು, ಗೋದಾಮು ನಡೆಸುವವರು, ಶಾಲೆಯ ಬಸ್ಸುಗಳಿಗೆ ಹೊಣೆಗಾರರಾದ ವಿಶ್ವಸ್ತರು, ತೀರ್ಥಯಾತ್ರೆಗೆ ಬಸ್ಸು ಗೊತ್ತುಮಾಡುವ ಮಂಡಲಿಗಳು, ಮನೆಯ ಕಾರಿಗೆ ಚಾಲಕನನ್ನು ಇಟ್ಟುಕೊಂಡ ಕುಟುಂಬಗಳು, ಎಲ್ಲರಿಗೂ ಈ ಪ್ರಶ್ನೆ ಸಂಬಂಧಪಟ್ಟದ್ದು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಪರೀಕ್ಷೆ ಬೇಕು. ಆದರೆ ಅದು ಬಡವನನ್ನು ಹಿಡಿಯುವ ಬಲೆಯಾಗಬಾರದು. ಅದು ಮಾಲೀಕನಿಂದ ಆರಂಭವಾಗಬೇಕು, ಎಲ್ಲರಿಗೂ ಒಂದೇ ನಿಯಮದಿಂದ ನಡೆಯಬೇಕು, ಮತ್ತು ಚಾಲಕನ ಉಸಿರನ್ನು ಅಳೆಯುವವನು ಆ ಚಾಲಕನ ದುಡಿಮೆಯ ಗಂಟೆಗಳನ್ನೂ ಅಳೆಯಲು ಸಿದ್ಧನಿರಬೇಕು.

ದೂರದ ಊರುಗಳಲ್ಲಿರುವ ಓದುಗ ಬಂಧುಗಳಿಗೆ ಈ ಪ್ರದೇಶದ ಸ್ವರೂಪವನ್ನು ಸ್ವಲ್ಪ ಹೇಳಬೇಕು. ನ್ಹಾವಾ ಶೇವಾ ಬಂದರಿನಿಂದ ಹೊರಡುವ ಕಂಟೇನರುಗಳು, ಭಿವಂಡಿಯ ಗೋದಾಮುಗಳು, ವಾಶಿಯ ಕೃಷಿ ಉತ್ಪನ್ನ ಮಾರುಕಟ್ಟೆ, ತಳೋಜಾ ಮತ್ತು ಡೊಂಬಿವಲಿಯ ರಾಸಾಯನಿಕ ಕಾರ್ಖಾನೆಗಳು, ಠಾಣೆ–ಬೇಲಾಪುರ ಕೈಗಾರಿಕಾ ಪಟ್ಟಿ, ಇವೆಲ್ಲ ರಾತ್ರಿ ಹಗಲೆನ್ನದೆ ಚಕ್ರಗಳ ಮೇಲೆ ನಡೆಯುತ್ತವೆ. ಬೆಳಗಾವಿ, ಹುಬ್ಬಳ್ಳಿ, ಮಂಗಳೂರುಗಳಿಗೆ ಹೋಗುವ ಸರಕೂ ರಾತ್ರಿ ಬಸ್ಸುಗಳೂ ಹೊರಡುವುದು ಇಲ್ಲಿಂದಲೇ. ಇಲ್ಲಿಯ ಒಬ್ಬ ಚಾಲಕನ ಎಚ್ಚರದ ಮೇಲೆ ಅಲ್ಲಿಯ ಎಷ್ಟೋ ಮನೆಗಳ ಕ್ಷೇಮ ನಿಂತಿದೆ.

ಪರೀಕ್ಷೆಯೆಂದರೆ ಅವಮಾನ ಎಂದು ಭಾವಿಸುವವರು, ಈಗಾಗಲೇ ಪ್ರತಿದಿನ ಪರೀಕ್ಷೆಗೆ ಒಳಗಾಗುತ್ತಿರುವವರು ಯಾರೆಂಬುದನ್ನು ನೋಡಬೇಕು. ಕಲ್ಯಾಣದಿಂದ ನಮ್ಮನ್ನು ನಿತ್ಯ ಮುಂಬೈಗೆ ಒಯ್ಯುವ ಲೋಕಲ್ ರೈಲಿನ ಮೋಟರ್‌ಮನ್ ಕರ್ತವ್ಯಕ್ಕೆ ಸಹಿ ಹಾಕುವಾಗ ಯಂತ್ರಕ್ಕೆ ಊದುತ್ತಾನೆ. ವಿಮಾನದ ಪೈಲಟ್ ಹಾರಾಟಕ್ಕೆ ಮುನ್ನ ಊದುತ್ತಾನೆ. ಹಾರುವ ಮುನ್ನಿನ 12 ಗಂಟೆಗಳಲ್ಲಿ ಅವನು ಮದ್ಯವನ್ನು ಮುಟ್ಟುವಂತಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ ಮೊದಲ ಸಲ ಸಿಕ್ಕಿಬಿದ್ದವನ ಪರವಾನಗಿ 3 ತಿಂಗಳು ಅಮಾನತಾಗುತ್ತದೆ, ಎರಡನೆಯ ಸಲ 3 ವರ್ಷ, ಮೂರನೆಯ ಸಲ ರದ್ದು. 2022ರ ಜನವರಿ 31ರಿಂದ ಪೈಲಟರೂ ವಾಯು ಸಂಚಾರ ನಿಯಂತ್ರಕರೂ ಗಾಂಜಾ, ಅಫೀಮು ಮುಂತಾದ ಮಾದಕಗಳ ಆಕಸ್ಮಿಕ ಪರೀಕ್ಷೆಗೂ ಒಳಪಡುತ್ತಾರೆ. ಲಕ್ಷಗಟ್ಟಲೆ ಸಂಬಳ ಪಡೆಯುವ ಪೈಲಟನಿಗೆ ಇದು ಅವಮಾನವೆನಿಸದಿದ್ದರೆ, ಅದಕ್ಕೆ ಕಾರಣ ನಿಯಮವು ಎಲ್ಲರಿಗೂ ಸಮವಾಗಿರುವುದು ಮತ್ತು ಮೊದಲೇ ಬರೆದಿರುವುದು. ಅವಮಾನ ಹುಟ್ಟುವುದು ಊದುವುದರಿಂದಲ್ಲ, ಒಬ್ಬನನ್ನು ಮಾತ್ರ ಬೇರ್ಪಡಿಸಿ ಊದಿಸುವುದರಿಂದ.

ರಸ್ತೆಯ ಕಾನೂನು ಏನು ಹೇಳುತ್ತದೆ? ಮೋಟಾರು ವಾಹನಗಳ ಕಾಯ್ದೆ, 1988ರ 185ನೆಯ ಕಲಮಿನಂತೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದು ವಾಹನ ನಡೆಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಅಪರಾಧಕ್ಕೆ 6 ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಮಾಡಿದರೆ 2 ವರ್ಷದವರೆಗೆ ಸೆರೆವಾಸ ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ. ಈ 30ರ ಅಂಕಿಯನ್ನು ನಮ್ಮ ಬಹುಪಾಲು ಜನ ರಾತ್ರಿಯ ವಿಷಯವೆಂದು ತಿಳಿದಿದ್ದಾರೆ. ಲೆಕ್ಕ ಹಾಕಿ ನೋಡೋಣ. ಮನುಷ್ಯನ ಶರೀರವು ಸುಮಾರಾಗಿ ಗಂಟೆಗೆ 15 ಮಿಲಿಗ್ರಾಂ ವೇಗದಲ್ಲಿ ಮದ್ಯಸಾರವನ್ನು ಕರಗಿಸುತ್ತದೆ. ರಾತ್ರಿ 1 ಗಂಟೆಗೆ ಕುಡಿತ ನಿಲ್ಲಿಸಿದವನ ರಕ್ತದಲ್ಲಿ 150 ಮಿಲಿಗ್ರಾಂ ಇದ್ದರೆ, ಬೆಳಗಿನ 6 ಗಂಟೆಗೆ ಅದು 75ಕ್ಕೆ ಇಳಿದಿರುತ್ತದೆ, ಅಂದರೆ ಮಿತಿಯ ಎರಡೂವರೆ ಪಟ್ಟು. ಸ್ನಾನ ಮಾಡಿ, ಹಣೆಗೆ ಗಂಧ ಹಚ್ಚಿ, ಚಹಾ ಕುಡಿದು ಶಾಲೆಯ ಬಸ್ಸಿನಲ್ಲಿ ಕುಳಿತವನು ತಾನು ಕುಡಿದಿಲ್ಲವೆಂದು ಪ್ರಾಮಾಣಿಕವಾಗಿಯೇ ನಂಬಿರಬಹುದು. ಬೆಂಗಳೂರಿನ ಸಂಚಾರ ಪೊಲೀಸರು ಬೆಳಗಿನ ಹೊತ್ತು ಶಾಲಾ ವಾಹನಗಳನ್ನು ತಪಾಸಣೆ ಮಾಡಿದಾಗ ಒಂದಕ್ಕಿಂತ ಹೆಚ್ಚು ಬಾರಿ ಇಂಥ ಚಾಲಕರು ಸಿಕ್ಕಿಬಿದ್ದಿದ್ದಾರೆ. ಆದುದರಿಂದ ಪರೀಕ್ಷೆಯ ಸಮಯ ರಾತ್ರಿಯಷ್ಟೇ ಅಲ್ಲ, ಕೆಲಸ ಆರಂಭವಾಗುವ ಪ್ರತಿ ಬೆಳಗೂ ಹೌದು.

ಕೇಂದ್ರ ಸರ್ಕಾರದ ಅಂಕಿಅಂಶಗಳಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಜನ ಸತ್ತರು. ಇವುಗಳಲ್ಲಿ ಮದ್ಯ ಅಥವಾ ಮಾದಕದ ಪಾಲು ಶೇಕಡ 2.5ರ ಆಸುಪಾಸು ಎಂದು ದಾಖಲಾಗಿದೆ. ಶೇಕಡ 70ಕ್ಕಿಂತ ಹೆಚ್ಚನ್ನು ಅತಿವೇಗದ ಲೆಕ್ಕಕ್ಕೆ ಬರೆಯಲಾಗಿದೆ. ಲೆಕ್ಕಪರಿಶೋಧನೆಯ ವೃತ್ತಿಯಲ್ಲಿರುವವರಿಗೆ ಇಂಥ ಅಂಕಿಯನ್ನು ಕಂಡೊಡನೆ ಒಂದು ಸಂಶಯ ಹುಟ್ಟುತ್ತದೆ. ಯಾವುದನ್ನು ಅಳೆಯಲಿಲ್ಲವೋ ಅದು ಲೆಕ್ಕದಲ್ಲಿ ಸೊನ್ನೆಯೆಂದೇ ಕಾಣುತ್ತದೆ. ಅಪಘಾತವಾದಾಗ ಚಾಲಕನ ರಕ್ತವನ್ನು ತಕ್ಷಣ ತೆಗೆಯದಿದ್ದರೆ ಆ ಅಪಘಾತವು ಅತಿವೇಗದ ಖಾತೆಗೆ ಹೋಗುತ್ತದೆ. ಅತಿವೇಗಕ್ಕೆ ಕಾರಣ ಕುಡಿತವೇ, ನಿದ್ರೆಯೇ, ಮಾಲೀಕನ ಅವಸರವೇ ಎಂದು ಕೇಳುವ ಕಲಮು ಆ ಖಾತೆಯಲ್ಲಿ ಇಲ್ಲ.

ಅಳೆದರೆ ಏನಾಗುತ್ತದೆ, ಅಳೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಸಮೀಪದ ಮೂರು ಘಟನೆಗಳು ಸಾಕು. 2006ರ ನವೆಂಬರ್ 12ರ ನಸುಕಿನಲ್ಲಿ ಬಾಂದ್ರಾದ ಕಾರ್ಟರ್ ರಸ್ತೆಯಲ್ಲಿ ಒಂದು ಕಾರು ಪಾದಚಾರಿ ಮಾರ್ಗಕ್ಕೆ ನುಗ್ಗಿ ಅಲ್ಲಿ ಮಲಗಿದ್ದ 7 ಕೂಲಿಕಾರರನ್ನು ಕೊಂದಿತು. ಚಾಲಕನ ರಕ್ತವನ್ನು ಪರೀಕ್ಷಿಸಲಾಗಿತ್ತು, ಅದರಲ್ಲಿ ಮದ್ಯಸಾರ ಸಿಕ್ಕಿತ್ತು. 2012ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅವನಿಗೆ ಆದ 3 ವರ್ಷದ ಶಿಕ್ಷೆಯನ್ನು ಎತ್ತಿಹಿಡಿಯಿತು. 2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ 17 ವರ್ಷದ ಹುಡುಗನೊಬ್ಬ ನಡೆಸುತ್ತಿದ್ದನೆನ್ನಲಾದ ಪೋರ್ಶೆ ಕಾರು ಇಬ್ಬರು ತರುಣ ಇಂಜಿನಿಯರರ ಪ್ರಾಣ ತೆಗೆಯಿತು. ಸಸೂನ್ ಆಸ್ಪತ್ರೆಯಲ್ಲಿ ಹುಡುಗನ ರಕ್ತದ ಮಾದರಿಯನ್ನೇ ಬದಲಿಸಲಾಯಿತು, ಮನೆಯ ಚಾಲಕನ ಮೇಲೆ ತಪ್ಪು ಹೊರಲು ಒತ್ತಡ ತರಲಾಯಿತು ಎಂಬುದು ಪೊಲೀಸರ ಆರೋಪ. ಅದೇ ವರ್ಷದ ಜುಲೈ 7ರ ಬೆಳಗ್ಗೆ ವರಳಿಯಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದ ದಂಪತಿಗೆ ಬಿ.ಎಂ.ಡಬ್ಲ್ಯು. ಕಾರು ಬಡಿದು ಪತ್ನಿ ಸತ್ತರು. ಆರೋಪಿ ಪೊಲೀಸರ ಕೈಗೆ ಸಿಕ್ಕಿದ್ದು ಎರಡು ದಿನಗಳ ಮೇಲೆ. ಎರಡು ದಿನಗಳ ಮೇಲೆ ಯಾವ ರಕ್ತವೂ ಮದ್ಯದ ಸಾಕ್ಷ್ಯ ಹೇಳುವುದಿಲ್ಲ.

ಈ ಮೂರರಲ್ಲಿಯೂ ಆರೋಪ ಬಂದದ್ದು ಸಂಬಳದ ಚಾಲಕನ ಕುಡಿತದ ಮೇಲಲ್ಲ, ಸ್ಥಿತಿವಂತರ ಮನೆಯ ಮಗನ ಮೇಲೆ. ಸತ್ತವರಲ್ಲಿ ಕೂಲಿಕಾರರಿದ್ದರು, ದುಡಿದು ತಿನ್ನುವ ಮನೆಗಳವರಿದ್ದರು. ಆದರೂ ನಮ್ಮ ಸಭೆಗಳಲ್ಲಿ 'ಪರೀಕ್ಷೆ' ಎಂಬ ಮಾತು ಬಂದೊಡನೆ ಎಲ್ಲರ ಮನಸ್ಸಿನಲ್ಲಿ ಮೂಡುವ ಚಿತ್ರ ಲಾರಿ ಚಾಲಕನದು, ಹಮಾಲನದು. ಇದು ಏಕೆ?

'ನಮ್ಮಲ್ಲಿ ಯಾರೂ ಕುಡಿಯುವುದಿಲ್ಲ' ಎಂಬ ನಂಬಿಕೆ ಇದಕ್ಕೆ ಒಂದು ಕಾರಣ. ಮದ್ಯತ್ಯಾಗವು ಶ್ರಾವಕನ ಮೂಲಗುಣಗಳಲ್ಲಿ ಒಂದು. ಸಪ್ತವ್ಯಸನಗಳ ಪಟ್ಟಿಯನ್ನು ನಮ್ಮ ಮಕ್ಕಳು ಪಾಠಶಾಲೆಯಲ್ಲಿ ಬಾಯಿಪಾಠ ಮಾಡುತ್ತಾರೆ. ಆದರೆ ಪಟ್ಟಿ ಬಾಯಿಗೆ ಬಂದ ಮಾತ್ರಕ್ಕೆ ವ್ಯಸನ ಮನೆಯ ಹೊರಗೆ ಉಳಿಯುವುದಿಲ್ಲ. ಮದುವೆಯ ಮಂಟಪದಲ್ಲಿ ಕಂದಮೂಲವಿಲ್ಲದ ಊಟ ಬಡಿಸಿ, ಅದೇ ಮದುವೆಯ ಹಿಂದಿನ ರಾತ್ರಿ ಲೋಣಾವಳದ ರಿಸಾರ್ಟಿನಲ್ಲೋ ನವಿ ಮುಂಬೈಯ ಹೋಟೆಲಿನಲ್ಲೋ ತರುಣರಿಗಾಗಿ ಬೇರೆಯೇ ಕೂಟ ನಡೆಸುವುದನ್ನು ನಾವು ಕಂಡೂ ಕಾಣದಂತಿದ್ದೇವೆ. ಆ ರಾತ್ರಿ 2 ಗಂಟೆಗೆ ಕಾರಿನ ಕೀಲಿಯನ್ನು ಯಾರು ಕೈಗೆತ್ತಿಕೊಳ್ಳುತ್ತಾರೆ ಎಂದು ಮನೆಯ ಹಿರಿಯರು ಕೇಳುವುದಿಲ್ಲ. ಕೇಳಿದರೆ ಕೂಟ ನಡೆಯಿತೆಂದು ಒಪ್ಪಿಕೊಂಡಂತಾಗುತ್ತದೆ. ಚಾಲಕನಿದ್ದರೆ, ಅವನು ಹೊರಗಿನ ನಿಲ್ದಾಣದಲ್ಲಿ ಊಟವೂ ನಿದ್ರೆಯೂ ಇಲ್ಲದೆ ಕಾದಿರುತ್ತಾನೆ. ಬೆಳಗ್ಗೆ 6ಕ್ಕೆ ಅವನೇ ಅತಿಥಿಗಳನ್ನು ವಿಮಾನ ನಿಲ್ದಾಣಕ್ಕೆ ಒಯ್ಯಬೇಕು. ಅವನ ಬಾಯಿಯಿಂದ ವಾಸನೆ ಬರುವುದಿಲ್ಲ, ಆದರೆ ಅವನ ಕಣ್ಣು ಮುಚ್ಚುತ್ತಿರುತ್ತದೆ.

ಈ ವಿಷಯದಲ್ಲಿ ನಮ್ಮ ಶಾಸ್ತ್ರ ನಮ್ಮ ಕಾನೂನಿಗಿಂತ ಮುಂದಿದೆ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾತಿ ಆಚಾರ್ಯರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನು ಸೇರಿಸಿದ್ದಾರೆ. ಎಚ್ಚರಗೇಡಿತನದಿಂದ ಆದ ಪ್ರಾಣಹಾನಿಯೇ ಹಿಂಸೆ. ಪ್ರಮಾದದ ಭೇದಗಳನ್ನು ಎಣಿಸುವಾಗ ಆಚಾರ್ಯರು ಕಷಾಯಗಳನ್ನೂ ವಿಕಥೆಗಳನ್ನೂ ಎಣಿಸಿದರು, ನಿದ್ರೆಯನ್ನೂ ಎಣಿಸಿದರು. ಮದ್ಯ ಪ್ರಮಾದದ ಒಂದು ದ್ವಾರ ಮಾತ್ರ. ಉಸಿರಿನ ಯಂತ್ರವು ಆ ಒಂದು ದ್ವಾರವನ್ನು ಕಾಯುತ್ತದೆ, ಉಳಿದವುಗಳನ್ನು ಕಾಯುವುದಿಲ್ಲ.

ಉಳಿದ ದ್ವಾರಗಳು ಎಲ್ಲಿವೆ ಎಂಬುದು ಲೆಕ್ಕದ ಪುಸ್ತಕದಲ್ಲಿಯೇ ಕಾಣುತ್ತದೆ. ಸಾಗಣೆ ಸಂಸ್ಥೆಗಳ ಲೆಕ್ಕ ನೋಡುವಾಗ ಫಾಸ್ಟ್ಯಾಗ್ ವಿವರಪಟ್ಟಿ ನಮ್ಮ ಮೇಜಿಗೆ ಬರುತ್ತದೆ. ಅದನ್ನು ಖರ್ಚಿನ ಚೀಟಿಯೆಂದು ಓದುವ ಬದಲು ಗಡಿಯಾರವೆಂದು ಓದಿ ನೋಡಿ. ಭಿವಂಡಿಯಲ್ಲಿ ಹಗಲೆಲ್ಲ ಸರಕು ತುಂಬಿಸಿಕೊಂಡ ಲಾರಿ ಸಂಜೆ ಹೊರಟು ಖೇಡ್ ಶಿವಾಪುರ, ಆನೇವಾಡಿ, ತಾಸವಡೆ, ಕಿಣಿ, ಕೊಗನೊಳಿ, ಹತ್ತರಗಿ, ಹಿರೇಬಾಗೇವಾಡಿಗಳನ್ನು ಒಂದರ ಹಿಂದೆ ಒಂದರಂತೆ ದಾಟಿ ಹುಬ್ಬಳ್ಳಿ ತಲುಪುತ್ತದೆ. ಎರಡು ಸುಂಕದ ಕಟ್ಟೆಗಳ ನಡುವಣ ವೇಳೆಯನ್ನು ಕಳೆದು ನೋಡಿದರೆ ಆ ಐನೂರು ಕಿಲೋಮೀಟರಿಗೂ ಮಿಕ್ಕ ದಾರಿಯಲ್ಲಿ ಚಾಲಕ ಎಲ್ಲಿ ಮಲಗಿದ, ಎಷ್ಟು ಹೊತ್ತು ಮಲಗಿದ ಎಂಬುದು ತಿಳಿಯುತ್ತದೆ. ಅನೇಕ ವೇಳೆ ಅವನು ಮಲಗಲೇ ಇಲ್ಲವೆಂಬುದು ತಿಳಿಯುತ್ತದೆ. ಮೋಟಾರು ಸಾಗಣೆ ಕೆಲಸಗಾರರ ಕಾಯ್ದೆ 1961ರಲ್ಲಿಯೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ದುಡಿಮೆಯನ್ನು ಸಾಮಾನ್ಯ ಮಿತಿಯೆಂದು ಇಟ್ಟಿತ್ತು. 'ಬೇಗ ತಲುಪಿದರೆ ಇಷ್ಟು ಇನಾಮು' ಎಂದು ಹೇಳುವ ಮಾಲೀಕನೇ ಆ ಮಿತಿಯನ್ನು ಮುರಿಸುವವನು. ನಿದ್ರೆಯನ್ನು ತಡೆಯಲು ಚಾಲಕ ಗುಟ್ಕಾ ಜಗಿಯುತ್ತಾನೆ, ಇನ್ನೂ ಮುಂದೆ ಹೋದವನು ಬಿಳಿಯ ಪುಡಿಯ ಕಡೆಗೆ ಕೈಚಾಚುತ್ತಾನೆ. ಮುಂಬೈಯ ಸುತ್ತಮುತ್ತ 'ಎಂ.ಡಿ.' ಎಂದು ಕರೆಯುವ ಮೆಫೆಡ್ರೋನನ್ನು ಸರ್ಕಾರ 2015ರ ಫೆಬ್ರವರಿಯಲ್ಲಿ ಮಾದಕ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ತಂದಿತು. ಅದು ನಿದ್ರೆಯನ್ನು ಓಡಿಸುವ ಜಾತಿಯದು. ಊದುವ ಯಂತ್ರಕ್ಕೆ ಅದು ಕಾಣುವುದೂ ಇಲ್ಲ. ಹದಿನೆಂಟು ಗಂಟೆ ದುಡಿಸಿ ಹತ್ತೊಂಬತ್ತನೆಯ ಗಂಟೆಗೆ ಮೂತ್ರಪರೀಕ್ಷೆ ಕೇಳುವ ಮಾಲೀಕ ಯಾರನ್ನು ಪರೀಕ್ಷಿಸುತ್ತಿದ್ದಾನೆ?

ನಸುಕಿನ ಹೆದ್ದಾರಿಯ ವಿಷಯ ನಮಗೆ ಇನ್ನೂ ಹತ್ತಿರದ್ದು. ಮುಂಬೈ–ಅಹಮದಾಬಾದ್ ಹೆದ್ದಾರಿಯಲ್ಲಿಯೂ ಭಿವಂಡಿ, ಶಹಾಪುರಗಳ ಮೂಲಕ ನಾಸಿಕದ ಕಡೆಗೆ ಹೋಗುವ ರಸ್ತೆಯಲ್ಲಿಯೂ ನಮ್ಮ ಸಾಧು ಸಾಧ್ವಿಯರು ಬೆಳಕು ಹರಿಯುವ ಹೊತ್ತಿಗೆ ಬರಿಗಾಲಿನಲ್ಲಿ ವಿಹಾರ ಮಾಡುತ್ತಾರೆ. ರಾತ್ರಿಯಿಡೀ ನಡೆಸಿದ ಚಾಲಕರ ಕಣ್ಣು ಸೋಲುವುದೂ ಅದೇ ಹೊತ್ತಿಗೆ. ವಿಹಾರದಲ್ಲಿ ವಾಹನ ಬಡಿದು ಸಾಧು ಸಾಧ್ವಿಯರು ಕಾಲವಾದ ಸುದ್ದಿ ಬಂದಾಗಲೆಲ್ಲ ನಾವು ಶ್ರದ್ಧಾಂಜಲಿ ಸಭೆ ನಡೆಸುತ್ತೇವೆ, ಸರ್ಕಾರಕ್ಕೆ ಮನವಿ ಕೊಡುತ್ತೇವೆ. ಆ ರಸ್ತೆಯಲ್ಲಿ ಓಡುವ ಲಾರಿಗಳಲ್ಲಿ ನಮ್ಮವರ ಸರಕೂ ಇದೆ, ನಮ್ಮವರ ಲಾರಿಗಳೂ ಇವೆ ಎಂಬುದನ್ನು ಆ ಸಭೆಗಳಲ್ಲಿ ಯಾರೂ ಹೇಳುವುದಿಲ್ಲ. ಮನವಿಯ ಜೊತೆಗೆ ನಮ್ಮ ವಾಹನಗಳ ವೇಳಾಪಟ್ಟಿಯನ್ನೂ ಬದಲಿಸಿದರೆ ಆ ಶ್ರದ್ಧಾಂಜಲಿಗೆ ಅರ್ಥ ಬಂದೀತು.

ಇನ್ನು ಪರೀಕ್ಷೆಯ ಮಿತಿಗಳನ್ನು ನೋಡೋಣ. 2025ರಲ್ಲಿ ಕೇರಳದ ಪಂದಳಂ ಡಿಪೋದಲ್ಲಿ ಸರ್ಕಾರಿ ಬಸ್ಸಿನ ಚಾಲಕರು ಊದಿದಾಗ ಯಂತ್ರ ಮದ್ಯ ತೋರಿಸಿತು. ಅವರು ತಿಂದಿದ್ದು ಚೆನ್ನಾಗಿ ಕಳಿತ ಹಲಸಿನ ತೊಳೆ. ಮತ್ತೊಬ್ಬನು ಹಣ್ಣು ತಿಂದು ಊದಿ ತೋರಿಸಿದಾಗ ನಿಜ ಗೊತ್ತಾಯಿತು. ಹೋಮಿಯೋಪತಿಯ ಹನಿಗಳು, ಕೆಲವು ಕೆಮ್ಮಿನ ಔಷಧಿಗಳು, ಬಾಯಿ ಮುಕ್ಕಳಿಸುವ ದ್ರವಗಳು, ನಮ್ಮ ಆಯುರ್ವೇದದ ಅರಿಷ್ಟ ಆಸವಗಳು ಇವೂ ಯಂತ್ರವನ್ನು ತಪ್ಪುದಾರಿಗೆ ಎಳೆಯಬಲ್ಲವು. ಬಾಯಿಯಲ್ಲಿ ಉಳಿದ ಮದ್ಯಸಾರ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಹೋಗುತ್ತದೆ. ಬಾಯಿ ತೊಳೆಸಿ ಇಪ್ಪತ್ತು ನಿಮಿಷ ಕಾದು ಎರಡನೆಯ ಸಲ ಊದಿಸಿದರೆ ಬಹುಪಾಲು ಸಂಶಯ ಪರಿಹಾರವಾಗುತ್ತದೆ. ಆ ಇಪ್ಪತ್ತು ನಿಮಿಷದ ತಾಳ್ಮೆ ಇಲ್ಲದವರು ಯಂತ್ರವನ್ನು ಕೊಳ್ಳಬಾರದು.

ಮಾದಕಗಳ ಪರೀಕ್ಷೆ ಇನ್ನೂ ಸೂಕ್ಷ್ಮ. ಗಾಂಜಾದ ಅಂಶ ಮೂತ್ರದಲ್ಲಿ ದಿನಗಟ್ಟಲೆ, ನಿತ್ಯ ಸೇವಿಸುವವನಲ್ಲಿ ವಾರಗಟ್ಟಲೆ ಉಳಿಯುತ್ತದೆ. ಅದು ಸಿಕ್ಕಿದರೆ ಅವನು ಎಂದೋ ಸೇವಿಸಿದ್ದನೆಂದು ತಿಳಿಯುತ್ತದೆ, ಈಗ ಅಮಲಿನಲ್ಲಿದ್ದಾನೆಂದು ತಿಳಿಯುವುದಿಲ್ಲ. ಪಟ್ಟಿಯ ಮೇಲೆ ಗೆರೆ ಮೂಡುವ ಅಗ್ಗದ ಪರೀಕ್ಷೆಯು ಕೆಲವು ಸಾಮಾನ್ಯ ಔಷಧಿಗಳನ್ನೂ ಮಾದಕವೆಂದು ತೋರಿಸಬಹುದು. ಪ್ರಯೋಗಾಲಯದ ದೃಢೀಕರಣವಿಲ್ಲದೆ ಅದನ್ನು ನಂಬಿ ಒಬ್ಬನ ಅನ್ನ ಕಸಿಯುವುದು ಅನ್ಯಾಯ. ಅಮೆರಿಕೆಯಲ್ಲಿ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತರು. 1987ರ ಜನವರಿಯಲ್ಲಿ ಮೇರಿಲ್ಯಾಂಡಿನ ರೈಲು ದುರಂತದಲ್ಲಿ 16 ಜನ, 1991ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಸುರಂಗ ರೈಲಿನ ದುರಂತದಲ್ಲಿ 5 ಜನ ಸತ್ತರು. ಮೊದಲನೆಯದರಲ್ಲಿ ಗಾಂಜಾ, ಎರಡನೆಯದರಲ್ಲಿ ಮದ್ಯದ ಪಾತ್ರವಿತ್ತು. ಅದೇ 1991ರಲ್ಲಿ ಸಾಗಣೆ ನೌಕರರ ಪರೀಕ್ಷೆಗೆ ಕಾಯ್ದೆ ಬಂದಿತು. ಅಲ್ಲಿ ಒಂದೇ ಮಾದರಿಯನ್ನು ಎರಡು ಸೀಸೆಗಳಲ್ಲಿ ಹಂಚಿ ಮುದ್ರೆ ಹಾಕುತ್ತಾರೆ, ಪ್ರಾಥಮಿಕ ಪರೀಕ್ಷೆಯ ನಂತರ ದೃಢೀಕರಣ ಪರೀಕ್ಷೆ ಮಾಡುತ್ತಾರೆ, ವರದಿ ಮಾಲೀಕನಿಗೆ ಹೋಗುವ ಮುನ್ನ ಒಬ್ಬ ವೈದ್ಯ ನೌಕರನೊಡನೆ ಮಾತಾಡಿ ಅವನು ಯಾವ ಔಷಧಿ ತೆಗೆದುಕೊಳ್ಳುತ್ತಿದ್ದಾನೆಂದು ವಿಚಾರಿಸುತ್ತಾನೆ. ಸಿಕ್ಕಿಬಿದ್ದವನಿಗೆ ಚಿಕಿತ್ಸೆ ಮುಗಿಸಿ ಕೆಲಸಕ್ಕೆ ಮರಳುವ ದಾರಿಯೂ ಬರೆದಿದೆ.

ನಮ್ಮಲ್ಲಿ ಖಾಸಗಿ ಮಾಲೀಕನಿಗೆ ಪೊಲೀಸರಿಗಿರುವ ಅಧಿಕಾರವಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ನೌಕರನ ರಕ್ತ, ಮೂತ್ರ, ಉಸಿರುಗಳ ವರದಿ ಅವನ ಖಾಸಗಿ ಮಾಹಿತಿ. ಕೆಲಸಕ್ಕೆ ಸೇರುವಾಗಲೇ ಅವನ ಭಾಷೆಯಲ್ಲಿ ಬರೆದ ಒಪ್ಪಿಗೆ ಪಡೆಯಬೇಕು. ವರದಿಯನ್ನು ಗುಂಪಿನ ವಾಟ್ಸಾಪಿಗೆ ಹಾಕುವುದು, ಎಲ್ಲರ ಮುಂದೆ ಓದಿ ಹೇಳುವುದು ಸಲ್ಲದು. ಮೇಲ್ವಿಚಾರಕನು ಬಾಯಿಯ ವಾಸನೆ ನೋಡಿ ತೀರ್ಮಾನ ಕೊಡುವುದೂ ಸಲ್ಲದು. ವಾಸನೆ, ತೂರಾಟ, ತೊದಲು ಮಾತು ಇಷ್ಟರಿಂದಲೇ ಮದ್ಯಪಾನದ ಅಪರಾಧ ಸಿದ್ಧವಾಗದೆಂದು ಮಹಾರಾಷ್ಟ್ರದ್ದೇ ಆದ ಬಚುಭಾಯಿ ಕಾರ್ಯಾನಿ ಮೊಕದ್ದಮೆಯಲ್ಲಿ 1971ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಅಂಥವನನ್ನು ಆ ದಿನ ವಾಹನದಿಂದ ಇಳಿಸಬಹುದು, ಇಳಿಸಲೇಬೇಕು. ಕೆಲಸದಿಂದ ತೆಗೆಯಬೇಕಾದರೆ ಆರೋಪಪತ್ರ, ವಿಚಾರಣೆ, ಅವನ ಉತ್ತರ ಇವು ಬೇಕು.

ಹಣದ ಭಾಷೆಯಷ್ಟೇ ಅರ್ಥವಾಗುವವರಿಗೆ ಹಣದ ಮಾತೂ ಇದೆ. 2007ರ ಡಿಸೆಂಬರಿನಲ್ಲಿ ದೆಹಲಿಯ ಇಂಡಿಯಾ ಗೇಟ್ ಬಳಿ ಒಂದು ಕಂಪನಿಯ ಪೋರ್ಶೆ ಕಾರು ಅಪಘಾತಕ್ಕೀಡಾಯಿತು. ಉಸಿರಿನ ಪರೀಕ್ಷೆ ನಡೆದಿರಲಿಲ್ಲ. ಆದರೂ ಚಾಲಕ ಮದ್ಯದ ಪ್ರಭಾವದಲ್ಲಿದ್ದನೆಂದು ವಿಮಾ ಕಂಪನಿ ಬೇರೆ ಸಂಗತಿಗಳಿಂದ ತೋರಿಸಿಕೊಡಬಹುದೆಂದು ಸರ್ವೋಚ್ಚ ನ್ಯಾಯಾಲಯ 2021ರ ಏಪ್ರಿಲಿನಲ್ಲಿ ತೀರ್ಪಿತ್ತು, ಪರಿಹಾರ ನಿರಾಕರಿಸಿದ್ದನ್ನು ಎತ್ತಿಹಿಡಿಯಿತು. ಅಂದರೆ ಪರೀಕ್ಷೆಯಿಂದ ತಪ್ಪಿಸಿಕೊಂಡರೆ ವಿಮೆ ಉಳಿಯುತ್ತದೆಂಬ ಲೆಕ್ಕ ತಪ್ಪು. ಇನ್ನೊಂದು ಕಡೆ, ನೌಕರರ ಪರಿಹಾರದ ಕಾಯ್ದೆಯಲ್ಲಿ, ಗಾಯಗೊಂಡವನು ಕುಡಿದಿದ್ದನೆಂಬ ಸಮರ್ಥನೆಯು ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯದ ಪ್ರಕರಣದಲ್ಲಿ ಮಾಲೀಕನಿಗೆ ಸಿಗುವುದಿಲ್ಲ. ಕುಡಿದ ಕೆಲಸಗಾರನನ್ನು ಕ್ರೇನಿನ ಮೇಲೆ ಹತ್ತಗೊಟ್ಟವನು ಅವನ ಸಾವಿಗೆ ಪರಿಹಾರ ಕೊಡಲೇಬೇಕು. ಅಪರಾಧದ ದಂಡವನ್ನು ಆದಾಯ ತೆರಿಗೆಯಲ್ಲಿ ವ್ಯವಹಾರದ ಖರ್ಚೆಂದು ತೋರಿಸುವಂತಿಲ್ಲ. ಪರೀಕ್ಷೆಯ ಯಂತ್ರದ ಖರ್ಚನ್ನು ತೋರಿಸಬಹುದು. ಯಾವುದು ಲಾಭವೆಂದು ಬೇರೆ ಹೇಳಬೇಕಾಗಿಲ್ಲ.

ಸಿಕ್ಕಿಬಿದ್ದವನನ್ನು ಏನು ಮಾಡಬೇಕು? 'ತೆಗೆದುಹಾಕಿ' ಎಂಬುದು ನಮ್ಮ ಬಾಯಿಗೆ ಮೊದಲು ಬರುವ ಉತ್ತರ. ತೆಗೆದುಹಾಕಿದವನು ಮರುದಿನ ಪರೀಕ್ಷೆಯೇ ಇಲ್ಲದ ಮತ್ತೊಬ್ಬನ ಲಾರಿ ಹತ್ತುತ್ತಾನೆ. ಅಪಾಯ ನಮ್ಮ ಅಂಗಳದಿಂದ ಹೆದ್ದಾರಿಗೆ ವರ್ಗವಾಗುತ್ತದೆ ಅಷ್ಟೆ. ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ, ಅವರಲ್ಲಿ 5 ಕೋಟಿಗೂ ಹೆಚ್ಚು ಜನರಿಗೆ ಅದು ಕಾಯಿಲೆಯ ಮಟ್ಟ ಮುಟ್ಟಿದೆ. ಮಾನಸಿಕ ಆರೋಗ್ಯ ಕಾಯ್ದೆ, 2017 ಮದ್ಯ ಮತ್ತು ಮಾದಕಗಳ ದುರ್ಬಳಕೆಯಿಂದಾದ ಮನಃಸ್ಥಿತಿಯನ್ನು ಕಾಯಿಲೆಯೆಂದೇ ಪರಿಗಣಿಸುತ್ತದೆ. ಸ್ವಲ್ಪ ಪ್ರಮಾಣದ ಮಾದಕ ಸೇವಿಸಿದ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಕಲಮು ಮಾದಕ ವಸ್ತುಗಳ ಕಾಯ್ದೆಯಲ್ಲಿಯೇ ಇದೆ. ಚಿಕಿತ್ಸೆಯ ಪರಂಪರೆ ನಮ್ಮ ಕಣ್ಣೆದುರಿಗೇ ಇದೆ. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ ಜನಜಾಗೃತಿ ವೇದಿಕೆ ಕರ್ನಾಟಕದ ಊರೂರಿನಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸಿದೆ. ಪುಣೆಯಲ್ಲಿ ಡಾ. ಅನಿತಾ ಮತ್ತು ಡಾ. ಅನಿಲ್ ಅವಚಟ ದಂಪತಿ 1986ರಲ್ಲಿ ಆರಂಭಿಸಿದ ಮುಕ್ತಾಂಗಣವಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ವ್ಯಸನಮುಕ್ತಿಗಾಗಿ ಸರ್ಕಾರದ ಉಚಿತ ದೂರವಾಣಿ 14446 ಇದೆ. ಆದುದರಿಂದ ಮೊದಲ ಸಲ ಸಿಕ್ಕವನಿಗೆ ಆ ದಿನದ ವಾಹನವಿಲ್ಲ, ಆದರೆ ಕೆಲಸವಿದೆ, ಚಿಕಿತ್ಸೆಗೆ ರಜೆಯಿದೆ, ಗುಣವಾಗಿ ಬಂದರೆ ಮತ್ತೆ ಗಾಲಿಯಿದೆ. ಚಿಕಿತ್ಸೆಯನ್ನು ನಿರಾಕರಿಸಿ ಮತ್ತೆ ಮತ್ತೆ ಕುಡಿದು ಬರುವವನಿಗೆ ಗಾಲಿ ಇಲ್ಲ. ಈ ನಿಯಮ ದಯೆಯದೂ ಹೌದು, ವಿವೇಕದ್ದೂ ಹೌದು.

'ಪರೀಕ್ಷೆ ಮಾಡಿದರೆ ಚಾಲಕರೇ ಸಿಗುವುದಿಲ್ಲ' ಎಂಬ ಆಕ್ಷೇಪ ಬರುತ್ತದೆ. ಚಾಲಕರು ಬಿಟ್ಟುಹೋಗುವುದು ಹೆಚ್ಚಾಗಿ ಸಂಬಳ ತಡವಾಗುವುದರಿಂದ, ಮನೆಗೆ ಹೋಗಲು ರಜೆ ಸಿಗದಿರುವುದರಿಂದ, ಮಲಗಲು ಜಾಗವಿಲ್ಲದಿರುವುದರಿಂದ. ಇವುಗಳನ್ನು ಸರಿಪಡಿಸಿದ ಮಾಲೀಕನ ಬಳಿ ಕುಡಿಯದ ಚಾಲಕ ಉಳಿಯುತ್ತಾನೆ, ಏಕೆಂದರೆ ಕುಡಿದ ಸಹೋದ್ಯೋಗಿಯ ಪಕ್ಕದಲ್ಲಿ ಘಾಟಿ ಇಳಿಯಲು ಅವನಿಗೂ ಭಯವಿದೆ. 'ಯಂತ್ರ ಬಂದರೆ ಸುರಕ್ಷತೆ ಬಂದಂತೆ' ಎಂಬುದು ಇನ್ನೊಂದು ಭ್ರಮೆ. 2024ರ ಡಿಸೆಂಬರ್ 9ರಂದು ಕುರ್ಲಾದಲ್ಲಿ ಬೆಸ್ಟ್ ಬಸ್ಸು ಜನರ ಮೇಲೆ ನುಗ್ಗಿದಾಗ ಊರೆಲ್ಲ ಚಾಲಕ ಕುಡಿದಿದ್ದನೆಂದಿತು. ಅವನು ಕುಡಿದಿರಲಿಲ್ಲ, ವಿದ್ಯುತ್ ಬಸ್ಸು ನಡೆಸುವ ತರಬೇತಿ ಅವನಿಗೆ ಸಾಕಷ್ಟು ಸಿಕ್ಕಿರಲಿಲ್ಲವೆಂಬ ಪ್ರಶ್ನೆ ಎದ್ದಿತು. ಡೊಂಬಿವಲಿಯ ಕೈಗಾರಿಕಾ ಪ್ರದೇಶದಲ್ಲಿ 2016ರ ಮೇ 26ರಂದೂ 2024ರ ಮೇ 23ರಂದೂ ಸ್ಫೋಟಗಳಾಗಿ ಎಷ್ಟೋ ಜನ ಸತ್ತರು. ಆ ಸಾವುಗಳನ್ನು ಬಾಗಿಲಲ್ಲಿ ಕೆಲಸಗಾರರನ್ನು ಊದಿಸಿ ತಡೆಯಲಾಗುತ್ತಿರಲಿಲ್ಲ.

ಸರ್ಕಾರದ ಪಾಲೂ ಇದೆ. 2016ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯದ ಅಂಗಡಿ ಬೇಡವೆಂದಾಗ ಹಲವು ರಾಜ್ಯಗಳು ಹೆದ್ದಾರಿಗಳ ಹೆಸರನ್ನೇ ಬದಲಿಸಿ ಅಂಗಡಿಗಳನ್ನು ಉಳಿಸಿಕೊಂಡವು. ಅಂಗಡಿಯಿಂದ ಬರುವ ತೆರಿಗೆಯ ಮೇಲೆ ಕಣ್ಣಿಟ್ಟ ಸರ್ಕಾರವು ಚಾಲಕನ ಉಸಿರಿನ ಮೇಲೆ ಮಾತ್ರ ಕಣ್ಣಿಟ್ಟರೆ ಸಾಲದು. ಅಪಘಾತವಾದ ಕೂಡಲೇ ರಕ್ತ ತೆಗೆಯುವ, ತೆಗೆದ ಮಾದರಿ ಕೈಯಿಂದ ಕೈಗೆ ಹೋಗುವ ಪ್ರತಿ ಹಂತವನ್ನೂ ದಾಖಲಿಸುವ ವ್ಯವಸ್ಥೆಯನ್ನು ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ನಾವು ಒತ್ತಾಯಿಸಿ ಕೇಳಬೇಕು. ಹೆದ್ದಾರಿಯ ಬದಿಯಲ್ಲಿ ಚಾಲಕರು ಮಲಗಲು ತಕ್ಕ ತಂಗುದಾಣಗಳನ್ನೂ ಕೇಳಬೇಕು.

ಕೊನೆಗೆ, ನಮ್ಮ ಸಂಘ ಸಂಸ್ಥೆಗಳ ಮುಂದೆ ಐದು ನಿಯಮಗಳನ್ನು ಇಡುತ್ತೇವೆ. ಒಂದು, ವಾಹನ ಅಥವಾ ಅಪಾಯದ ಯಂತ್ರವನ್ನು ನಡೆಸುವ ಪ್ರತಿಯೊಬ್ಬನೂ, ಮಾಲೀಕ ಮತ್ತು ಅವನ ಮಕ್ಕಳು ಸೇರಿ, ಒಂದೇ ಯಂತ್ರಕ್ಕೆ ಊದಬೇಕು. ಲೆಕ್ಕ ಬರೆಯುವ ಗುಮಾಸ್ತನನ್ನೂ ಗುಡಿಸುವ ಬಾಯಿಯನ್ನೂ ಪರೀಕ್ಷಿಸುವ ಅಗತ್ಯವಿಲ್ಲ. ಎರಡು, ಮೊದಲ ಅಂಕಿಯ ಮೇಲೆ ವಾಹನ ನಿಲ್ಲಲಿ, ಎರಡನೆಯ ಪರೀಕ್ಷೆಯಿಲ್ಲದೆ ಶಿಕ್ಷೆಯಾಗದಿರಲಿ. ಮೂರು, ವರದಿ ಒಬ್ಬ ಹೊಣೆಗಾರನ ಬೀಗದ ಕಪಾಟಿನಲ್ಲಿರಲಿ. ನಾಲ್ಕು, ಮೊದಲ ಬಾರಿ ಸಿಕ್ಕವನಿಗೆ ಚಿಕಿತ್ಸೆ. ಐದು, ಪ್ರತಿ ಚಾಲಕನ ದುಡಿಮೆ ಮತ್ತು ನಿದ್ರೆಯ ಗಂಟೆಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ಫಾಸ್ಟ್ಯಾಗ್ ವಿವರಗಳೊಡನೆ ತಾಳೆ ನೋಡಿ ಮಾಲೀಕ ಸಹಿ ಹಾಕಲಿ. ನಾಲ್ಕು ನಿಯಮಗಳು ಚಾಲಕನನ್ನು ಪರೀಕ್ಷಿಸುತ್ತವೆ, ಐದನೆಯದು ಮಾಲೀಕನನ್ನು. ಐದನೆಯದಕ್ಕೆ ಸಹಿ ಹಾಕಲು ಒಪ್ಪದವನಿಗೆ ಮೊದಲಿನ ನಾಲ್ಕನ್ನು ಜಾರಿಗೆ ತರುವ ಅಧಿಕಾರವಿಲ್ಲ. ಈ ಚಾತುರ್ಮಾಸ ಮುಗಿಯುವುದರೊಳಗೆ ಯಾತ್ರೆಯ ಬಸ್ಸು ಗೊತ್ತುಮಾಡುವ ಒಂದಾದರೂ ಮಂಡಲಿ ಬಾಡಿಗೆಯ ಕರಾರಿನಲ್ಲಿ ಎರಡನೆಯ ಚಾಲಕನನ್ನೂ ಹೊರಡುವ ಮುನ್ನಿನ ಪರೀಕ್ಷೆಯನ್ನೂ ಬರೆಸಿದರೆ, ಅದು ಉಳಿದವರಿಗೆ ಮೇಲ್ಪಂಕ್ತಿಯಾಗುತ್ತದೆ.